ಕಾರ್ಬ್ಯುರೇಟರ್ ಕಳಚಿ ಇಂಜೆಕ್ಷನ್ ಮರಳಿ ಜೋಡಿಸಿದ ಕಾರು: ದಹನದ ಪಾಠವನ್ನು ಎರಡು ಬಾರಿ ಮಾಡಿದ ಅನುಭವ

ಕಳೆದ ಸಾಲಿನ ಬೋಧನಾಭ್ಯಾಸದ ಮೊದಲ ವಾರದಲ್ಲಿ, ವಿಜ್ಞಾನ ಬೋಧನಾ ಪದ್ಧತಿಯ ಹನ್ನೊಂದು ಮಂದಿ ಪ್ರಶಿಕ್ಷಣಾರ್ಥಿಗಳನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿಕೊಂಡು ನಾನು ಹತ್ತನೆಯ ತರಗತಿಗೆ ಒಂದು ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಘಟಕ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’, ಉಪಘಟಕ ದಹನ. ಪಾಠ ಕೆಟ್ಟಿತು. ಹತ್ತು ದಿನಗಳ ನಂತರ ಅದೇ ಮಕ್ಕಳಿಗೆ ಅದೇ ವಿಷಯವನ್ನು ಮತ್ತೆ ತೆಗೆದುಕೊಂಡೆ. ಪ್ರಶಿಕ್ಷಣಾರ್ಥಿಗಳ ಪಾಠ ಕೆಟ್ಟರೆ ನಾವು ವೀಕ್ಷಣಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ನಮ್ಮ ಪಾಠ ಕೆಟ್ಟದ್ದನ್ನು ಬರೆಯುವ ಪದ್ಧತಿ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪಾಠದ ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಗ್ಯಾಸ್ ಒಲೆಯ ಮೇಲಿಟ್ಟ ಪಾತ್ರೆಯ ತಳ ಕಪ್ಪಾದರೆ ಬರ್ನರಿನ ಗಾಳಿಯ ರಂಧ್ರ ಕಟ್ಟಿಕೊಂಡಿದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಪೂರ್ವಜ್ಞಾನ ಪರೀಕ್ಷೆ ಅಲ್ಲಿಂದ ಶುರು. ಆಮೇಲೆ ಪೆಟ್ರೋಲ್. ಪೆಟ್ರೋಲಿನ ಬದಲಿಗೆ ಆಕ್ಟೇನ್ ಇಟ್ಟುಕೊಂಡು ಲೆಕ್ಕ: ಎರಡು ಅಣು ಆಕ್ಟೇನ್ ಪೂರ್ತಿ ಉರಿಯಲು 25 ಅಣು ಆಕ್ಸಿಜನ್ ಬೇಕು. ಅಂದರೆ 228 ಗ್ರಾಂ ಆಕ್ಟೇನಿಗೆ 800 ಗ್ರಾಂ ಆಕ್ಸಿಜನ್. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇಕಡಾ 23ರಷ್ಟು ಮಾತ್ರ ಇರುವುದರಿಂದ ಒಂದು ಪಾಲು ಇಂಧನಕ್ಕೆ ಸುಮಾರು 15 ಪಾಲು ಗಾಳಿ ಬೇಕಾಗುತ್ತದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಇದನ್ನು 14.7 ಎಂದು ಹೇಳುವುದು ವಾಡಿಕೆ. ಇಂಧನ ಹೆಚ್ಚಾದರೆ ಮಸಿ, ಕಡಿಮೆಯಾದರೆ ಇಂಜಿನ್ ಬಿಕ್ಕಳಿಸುತ್ತದೆ. ಇಲ್ಲಿಯವರೆಗೆ ತೊಂದರೆ ಇರಲಿಲ್ಲ.

ತೊಂದರೆ ಆದದ್ದು ಮುಕ್ತಾಯದಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಎಲ್ಲ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆಯಷ್ಟೆ. ನಾನು ಹಲಗೆಯ ಮೇಲೆ ‘ಹಳೆಯದು’, ‘ಹೊಸದು’ ಎಂದು ಎರಡು ಕಾಲಂ ಎಳೆದು, ಕಾರ್ಬ್ಯುರೇಟರ್ ಅಂದಾಜಿನ ಯಂತ್ರ, ಇಂಜೆಕ್ಷನ್ ಅಳತೆಯ ಯಂತ್ರ, ಕಾರ್ಬ್ಯುರೇಟರಿನ ಕಾಲ ಮುಗಿಯಿತು ಎಂದೆ. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪನದು ಬಸ್ ನಿಲ್ದಾಣದ ಹಿಂದೆ ದ್ವಿಚಕ್ರ ವಾಹನದ ಗ್ಯಾರೇಜು ಎಂಬುದು ನನಗೆ ಗೊತ್ತಿರಲಿಲ್ಲ.

“ಸಾರ್, ಹಂಗಾದ್ರೆ ನಮ್ಮಪ್ಪ ಕಲ್ತಿದ್ದೆಲ್ಲ ವೇಸ್ಟಾ?”

ತರಗತಿ ನಕ್ಕಿತು. ಅವನು ನಗಲಿಲ್ಲ. ನಾನು “ಒಳ್ಳೆಯ ಪ್ರಶ್ನೆ, ಕೂತ್ಕೋ” ಎಂದು ಮನೆಗೆಲಸ ಕೊಟ್ಟು ಹೊರಬಂದೆ. ಉತ್ತರ ಗೊತ್ತಿಲ್ಲದಾಗ ನಾವೆಲ್ಲರೂ ಬಳಸುವ ವಾಕ್ಯ ಅದು. ಒಬ್ಬ ಪ್ರಶಿಕ್ಷಣಾರ್ಥಿ ತನ್ನ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದಳು: ‘ವಿದ್ಯಾರ್ಥಿಯ ಪ್ರಶ್ನೆಗೆ ಪ್ರಶಂಸೆ ದೊರೆಯಿತು, ಉತ್ತರ ದೊರೆಯಲಿಲ್ಲ.’ ಬರೆದು ಆ ಪುಸ್ತಕವನ್ನು ಸಹಿಗೆ ನನ್ನ ಮುಂದೆಯೇ ಇಟ್ಟಿದ್ದಳು.

ನನಗೆ ಆ ರಾತ್ರಿ ನೆನಪಾದದ್ದು ಕವೆಂಟ್ರಿಯ ಕಾರು.

ನನ್ನ ಹೆಂಡತಿಯ ತಮ್ಮ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದಾನೆ. ಅದರ ಹಿಂದಿನ ಬೇಸಿಗೆ ರಜೆಯಲ್ಲಿ ಅಲ್ಲಿ ಐದು ವಾರ ಇದ್ದಾಗ, ಊರು ನೋಡಿದ್ದಕ್ಕಿಂತ ಹೆಚ್ಚಾಗಿ ಅವನ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಅವನು 1971ರ ಟ್ರಯಂಫ್ ಟಿಆರ್6 ಕೊಂಡಿದ್ದ. ಅದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದ ಎರಡು ಆಸನದ, ಮೇಲೆ ಬಟ್ಟೆಯ ಮುಚ್ಚಿಗೆಯ ಕಾರು. ಸಾಲಾಗಿ ಆರು ಸಿಲಿಂಡರ್, 2498 ಸಿಸಿ. ಬಾನೆಟ್ ತೆಗೆದರೆ ಎರಡು ಎಸ್‌ಯು ಕಾರ್ಬ್ಯುರೇಟರುಗಳು ಕಾಣುತ್ತಿದ್ದವು. ಆದರೆ ಚಾಸಿ ಸಂಖ್ಯೆ ‘ಸಿಪಿ’ ಎಂದು ಶುರುವಾಗುತ್ತಿತ್ತು. ಅಮೆರಿಕಕ್ಕೆ ಕಳಿಸಿದ ಅದೇ ಕಾಲದ ಕಾರುಗಳಿಗೆ ‘ಸಿಸಿ’ ಎಂಬ ಗುರುತು, ಅವುಗಳಿಗೆ ಕಾರ್ಖಾನೆಯಲ್ಲೇ ಎರಡು ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್. ‘ಸಿಪಿ’ ಅಂದರೆ ಹುಟ್ಟುವಾಗಲೇ ಇಂಜೆಕ್ಷನ್ ಇದ್ದ ಕಾರು. ಯಾರೋ ಹಿಂದಿನ ಮಾಲೀಕರು ಅದನ್ನು ಕಳಚಿ ಕಾರ್ಬ್ಯುರೇಟರ್ ಹಾಕಿಸಿದ್ದರು. ಈಗ ಇವನು ಕಾರ್ಬ್ಯುರೇಟರ್ ಕಳಚಿ ಇಂಜೆಕ್ಷನ್ನನ್ನು ಮರಳಿ ಕೂರಿಸಲು ಹೊರಟಿದ್ದ.

ಅಂದರೆ 1971ರಲ್ಲೇ ‘ಹೊಸದು’ ಇತ್ತು, ಜನ ಅದನ್ನು ಕಿತ್ತು ‘ಹಳೆಯದು’ ಹಾಕಿದ್ದರು. ನನ್ನ ಎರಡು ಕಾಲಂ ಅಲ್ಲಿಗೇ ಬಿದ್ದುಹೋಯಿತು.

ಕಥೆ ಹೀಗೆ. ಟ್ರಯಂಫ್ ಕಂಪನಿ 1967ರಲ್ಲಿ ಟಿಆರ್5 ಎಂಬ ಕಾರಿಗೆ ಲೂಕಾಸ್ ಕಂಪನಿಯ ಪೆಟ್ರೋಲ್ ಇಂಜೆಕ್ಷನ್ ಅಳವಡಿಸಿತು. ಕಂಪನಿ ಹೇಳಿಕೊಂಡ ಶಕ್ತಿ 150 ಅಶ್ವಶಕ್ತಿ. ಅದರ ನಂತರದ ಟಿಆರ್6ನಲ್ಲೂ ಅದೇ ವ್ಯವಸ್ಥೆ ಮುಂದುವರಿಯಿತು. ಟಿಆರ್6 ಕಾರುಗಳು 1976ರವರೆಗೆ 90 ಸಾವಿರಕ್ಕೂ ಹೆಚ್ಚು ತಯಾರಾದವು, ಅವುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನೊಂದಿಗೆ ಅಮೆರಿಕಕ್ಕೆ ಹೋದವು.

ಈ ಇಂಜೆಕ್ಷನ್ ಇಂದಿನ ಬೈಕಿನದರಂತೆ ಅಲ್ಲ. ಅದರಲ್ಲಿ ಕಂಪ್ಯೂಟರ್ ಇಲ್ಲ. ಡಿಕ್ಕಿಯಲ್ಲಿ ಒಂದು ವಿದ್ಯುತ್ ಪಂಪು ಕೂತು, ಚದರ ಇಂಚಿಗೆ 100 ಪೌಂಡಿಗಿಂತ ಸ್ವಲ್ಪ ಹೆಚ್ಚು ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಹೆಚ್ಚಾದದ್ದನ್ನು ಒಂದು ರಿಲೀಫ್ ವಾಲ್ವ್ ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಇಂಜಿನ್ನಿನ ಪಕ್ಕದಲ್ಲಿ ಮೀಟರಿಂಗ್ ಯೂನಿಟ್ ಎಂಬ ಲೋಹದ ಪೆಟ್ಟಿಗೆ. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಗೇರೇ ಅದನ್ನೂ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗಿಸುತ್ತದೆ. ಒಳಗೆ ಬೆರಳಿಗಿಂತ ಸಣ್ಣದೊಂದು ಲೋಹದ ತುಂಡು, ಹೆಸರು ಶಟಲ್. ನಮ್ಮ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತದೆ, ಓಡಿಸುವುದು ಪೆಟ್ರೋಲಿನ ಒತ್ತಡವೇ. ಒಂದೊಂದು ಓಟಕ್ಕೂ ತನ್ನ ಮುಂದಿರುವ ಪೆಟ್ರೋಲನ್ನು ಒಂದು ಸಿಲಿಂಡರಿನ ಇಂಜೆಕ್ಟರಿಗೆ ತಳ್ಳುತ್ತದೆ. ಓಟ ಉದ್ದವಾದರೆ ಪೆಟ್ರೋಲ್ ಹೆಚ್ಚು, ಗಿಡ್ಡವಾದರೆ ಕಡಿಮೆ. ಎಷ್ಟು ದೂರ ಓಡಬೇಕು ಎಂಬುದನ್ನು ಒಂದು ತಡೆ ನಿರ್ಧರಿಸುತ್ತದೆ. ಆ ತಡೆಯನ್ನು ಸರಿಸುವುದು ಮ್ಯಾನಿಫೋಲ್ಡಿನಿಂದ ಸಣ್ಣ ರಬ್ಬರ್ ಕೊಳವೆಯ ಮೂಲಕ ಬರುವ ನಿರ್ವಾತ. ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರು, ಶಟಲ್ ಓಟ ಗಿಡ್ಡ. ತುಳಿದಾಗ ನಿರ್ವಾತ ಕುಸಿಯುತ್ತದೆ, ಓಟ ಉದ್ದ. ಇದನ್ನು ಬಿಚ್ಚಿ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಪ್ರಶಿಕ್ಷಣಾರ್ಥಿಗಳು ನಗಬಹುದು.

ಇಷ್ಟು ಚೆಂದದ ವ್ಯವಸ್ಥೆಯನ್ನು ಕಿತ್ತದ್ದೇಕೆ? ಒಂದು ಕಾರಣ ಪಂಪು. ಅದರ ಮೋಟರು ಗಾಜು ಒರೆಸುವ ವೈಪರ್ ಮೋಟರಿನಿಂದ ಬೆಳೆಸಿದ್ದು. ಬಿಸಿಯಾಗುತ್ತಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದ ಬಿಸಿಲಿನ ದಿನ ಪೆಟ್ರೋಲ್ ಪಂಪಿನೊಳಗೇ ಆವಿಯಾಗಿ ಕಾರು ರಸ್ತೆಯಲ್ಲಿ ನಿಲ್ಲುತ್ತಿತ್ತು. ನನ್ನ ಮಟ್ಟಿಗೆ ಇನ್ನೂ ದೊಡ್ಡ ಕಾರಣ ಬೇರೆ. ಸಾಮಾನ್ಯ ಗ್ಯಾರೇಜುಗಳಲ್ಲಿ ಅಷ್ಟು ಒತ್ತಡ ಅಳೆಯುವ ಗೇಜು ಇರಲಿಲ್ಲ, ಮೆಕ್ಯಾನಿಕರು ಕಲಿತದ್ದು ಕಾರ್ಬ್ಯುರೇಟರ್. ಅದಕ್ಕೆ ಮೂರು ಪೌಂಡ್ ಒತ್ತಡ ಇದ್ದರೆ ಸಾಕು. ಗೊತ್ತಿಲ್ಲದ ಪೆಟ್ಟಿಗೆಯ ತಿರುಪುಗಳನ್ನು ಗೊತ್ತಿರುವ ಲೆಕ್ಕದಲ್ಲಿ ತಿರುಗಿಸಿದರು, ಕೆಟ್ಟದ್ದು ಇನ್ನಷ್ಟು ಕೆಟ್ಟಿತು, ಮಾಲೀಕರು ಬೇಸತ್ತು ಕಳಚಿಸಿದರು. ಅಮೆರಿಕದ ಕಾರುಗಳಿಂದಾಗಿ ಈ ಇಂಜಿನ್ನಿಗೆ ಒಪ್ಪುವ ಕಾರ್ಬ್ಯುರೇಟರ್ ಮ್ಯಾನಿಫೋಲ್ಡ್ ಕೂಡ ಸಿಗುತ್ತಿತ್ತು.

ಮರಳಿ ಜೋಡಿಸುವುದು ಎಂದರೆ ಭಾಗಗಳನ್ನು ಹುಡುಕುವುದೇ ಅರ್ಧ ಕೆಲಸ. ಮೂರು ಜೋಡಿ ಥ್ರಾಟಲ್ ಬಾಡಿಗಳು, ಆರು ಇಂಜೆಕ್ಟರು, ರಿಪೇರಿ ಮಾಡಿಸಿದ ಮೀಟರಿಂಗ್ ಯೂನಿಟ್ ಬಂದವು. ಡಿಸ್ಟ್ರಿಬ್ಯೂಟರಿನ ಕೆಳಗೆ ಆ ಯೂನಿಟ್ ಇದ್ದ ಜಾಗಕ್ಕೆ ಹಾಕಿದ್ದ ಮುಚ್ಚಳ ತೆಗೆದೆವು. ಪಂಪು ಮಾತ್ರ ಹಳೆಯದಲ್ಲ, ಬಾಷ್‌ನದು. ಹಾಗೆ ಬದಲಿಸುವುದು ಅಲ್ಲಿ ಈಗ ರೂಢಿ. ಅಪ್ಪಟ ಹಳತು ಬೇಕೆನ್ನುವವರು ಮೂಗು ಮುರಿಯುತ್ತಾರಂತೆ. ಮುರಿಯಲಿ, ಕಾರು ಮನೆ ಸೇರಬೇಕಲ್ಲ. ಇಂಗ್ಲೆಂಡಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುವುದರಿಂದ ರಬ್ಬರ್ ಕೊಳವೆಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದೆವು. ಎಲ್ಲ ಅಂದುಕೊಂಡಿದ್ದೆವು.

ಆರು ಕೊಳವೆಗಳನ್ನು ಇಂಜಿನ್ನಿನ ಸರದಿಗೆ, ಅಂದರೆ 1-5-3-6-2-4 ಎಂಬ ಕ್ರಮಕ್ಕೆ ಹೊಂದಿಸಿದೆವು. ಕೊಳವೆಗಳ ಗಾಳಿ ಹೊರಹೋಗುವವರೆಗೆ ಒಂದೊಂದೇ ಇಂಜೆಕ್ಟರನ್ನು ತೆರೆದು ಪೆಟ್ರೋಲ್ ಬಿಟ್ಟೆವು. ಗೇಜು 105 ತೋರಿಸಿತು. ಕೀಲಿ ತಿರುಗಿಸಿದಾಗ ಇಂಜಿನ್ ಹತ್ತಿಕೊಂಡಿತು, ಆದರೆ ಹಿಂದಿನ ಕೊಳವೆಯಿಂದ ದೀಪಾವಳಿಯಷ್ಟು ಕಪ್ಪು ಹೊಗೆ. ಪ್ಲಗ್ ಬಿಚ್ಚಿದರೆ ಆರೂ ಮಸಿ ಮೆತ್ತಿ ಒದ್ದೆ. ಇಂಧನ ಜಾಸ್ತಿ ಎಂಬುದು ಖಂಡಿತ. ಯಾಕೆ ಜಾಸ್ತಿ?

ನಾನು ಮೂವತ್ತು ವರ್ಷ ಸ್ಕೂಟರ್ ಓಡಿಸಿದವನು. ನನ್ನ ತಲೆಯಲ್ಲಿದ್ದದ್ದು ಕಾರ್ಬ್ಯುರೇಟರಿನ ನಿಯಮ: ಮ್ಯಾನಿಫೋಲ್ಡಿನಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಹೊರಗಿನ ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಇಲ್ಲಿ ದಪ್ಪವಾಗಿದೆ, ಆದ್ದರಿಂದ ಸೋರಿಕೆಯನ್ನು ಹುಡುಕುವ ಅಗತ್ಯವೇ ಇಲ್ಲ ಎಂದು ನಾನು ಖಚಿತವಾಗಿ ಹೇಳಿದೆ. ಭಾವಮೈದುನ ನಂಬಿದ. ಮೂರು ದಿನ ಮೀಟರಿಂಗ್ ಯೂನಿಟ್ಟನ್ನೇ ಅನುಮಾನಿಸಿ, ಅದನ್ನು ವಾಪಸ್ ಕಳಿಸಲು ಡಬ್ಬಕ್ಕೂ ಹಾಕಿದೆವು. ಕಳಿಸುವ ಮುನ್ನ, ನಿರ್ವಾತದ ಆ ಸಣ್ಣ ರಬ್ಬರ್ ಕೊಳವೆಯನ್ನು ಎಳೆದು ನೋಡಿದಾಗ ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳು. ಪೆಟ್ರೋಲ್ ಹರಿಯದ ಕೊಳವೆ ಎಂದು ಹಳೆಯದನ್ನೇ ಬಿಟ್ಟಿದ್ದೆವು. ಸೀಳಿನಿಂದ ಗಾಳಿ ಹೊಕ್ಕು ನಿರ್ವಾತ ಯೂನಿಟ್ಟಿಗೆ ತಲುಪುತ್ತಿರಲಿಲ್ಲ. ನಿರ್ವಾತ ಇಲ್ಲ ಅಂದರೆ ಚಾಲಕ ಪೂರ್ತಿ ತುಳಿದಿದ್ದಾನೆ ಎಂದು ಯೂನಿಟ್ ತಿಳಿಯುತ್ತದೆ, ಶಟಲ್ ಉದ್ದಕ್ಕೂ ಓಡುತ್ತದೆ. ಕಾರ್ಬ್ಯುರೇಟರಿನಲ್ಲಿ ಸೋರಿಕೆ ಮಿಶ್ರಣವನ್ನು ತೆಳುವಾಗಿಸಿದರೆ ಇಲ್ಲಿ ದಪ್ಪವಾಗಿಸಿತ್ತು. ಒಂದು ಗೇಣು ಹೊಸ ಕೊಳವೆ ಹಾಕಿದ ಮೇಲೆ ಹೊಗೆ ನಿಂತಿತು. 1970ರ ದಶಕದ ಮೆಕ್ಯಾನಿಕರು ಮಾಡಿದ ತಪ್ಪನ್ನೇ, ಅದೇ ಕಾರಣಕ್ಕೆ, ವಿಜ್ಞಾನ ಕಲಿಸುವ ನಾನೂ ಮಾಡಿದ್ದೆ.

ಎರಡನೆಯ ಪಾಠವನ್ನು ಇದರ ಸುತ್ತ ಕಟ್ಟಿದೆ. ಅದಕ್ಕೂ ಮೊದಲು ಆ ಹುಡುಗನ ಅಪ್ಪನ ಗ್ಯಾರೇಜಿಗೆ ಹೋದೆ, ಹಳೆಯದೊಂದು ಕಾರ್ಬ್ಯುರೇಟರ್ ಸಿಗುತ್ತದೆಯೇ ಎಂದು ಕೇಳುವ ನೆಪದಲ್ಲಿ. ಅವರು ಡಬ್ಬದಿಂದ ಮೂರು ತೆಗೆದು ಮುಂದಿಟ್ಟರು.

“ಯಾವ್ದು ಬೇಕೋ ತಗೊಳಿ ಮೇಷ್ಟ್ರೇ, ಈಗ ಇದನ್ನ ಕೇಳೋರಿಲ್ಲ.”

“ಬಿಎಸ್-6 ಗಾಡಿ ನಿಮ್ಮತ್ರ ಬರಲ್ವಾ?” ಎಂದೆ.

“ಬರ್ತವೆ, ಆಯಿಲ್ ಬದಲಾಯಿಸೋಕೆ, ಬ್ರೇಕಿಗೆ. ಪಿಕಪ್ ಇಲ್ಲ ಅಂದ್ರೆ ಕಂಪನಿ ಸರ್ವೀಸಿಗೆ ಹೋಗ್ತಾರೆ. ಪ್ಲಗ್ ನೋಡಿದ್ರೆ ಏನಾಗಿದೆ ಅಂತ ನಂಗೆ ಗೊತ್ತಾಗುತ್ತೆ ಸಾರ್. ಆದ್ರೆ ತಿರುಗ್ಸೋಕೆ ಸ್ಕ್ರೂನೇ ಇಲ್ವಲ್ಲ.”

ಈ ಮಾತನ್ನು ಯೋಜನೆಯ ಮೊದಲ ಸಾಲಾಗಿ ಬರೆದುಕೊಂಡೆ. ತರಗತಿಗೆ ಬನ್ನಿ ಎಂದು ಕರೆದೆ. ಕೈ ತುಂಬ ಗ್ರೀಸು ಎಂದು ನಕ್ಕು ಕಾರ್ಬ್ಯುರೇಟರ್ ಮಾತ್ರ ಕಳಿಸಿದರು, ಮಗನ ಕೈಯಲ್ಲಿ.

ಉಪಕರಣಗಳು ಅಗ್ಗದವು. ತರಗತಿಗೆ ಒಂದು ತೊಟ್ಟು ಪೆಟ್ರೋಲೂ ಬರಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಎಲ್ಲ ಪ್ರಯೋಗವೂ ನೀರಿನಲ್ಲಿ. ಲೋಟದ ನೀರಿನಲ್ಲಿ ಒಂದು ಸ್ಟ್ರಾ ನೆಟ್ಟಗೆ, ಅದರ ಬಾಯಿಗೆ ಅಡ್ಡಲಾಗಿ ಇನ್ನೊಂದು ಸ್ಟ್ರಾದಿಂದ ಜೋರಾಗಿ ಊದಿದರೆ ನೀರು ಮೇಲೇರಿ ತುಂತುರಾಗುತ್ತದೆ. ಇದು ಕಾರ್ಬ್ಯುರೇಟರ್: ಹರಿಯುವ ಗಾಳಿಯೇ ಇಂಧನವನ್ನು ಎಳೆಯುತ್ತದೆ. ಎರಡನೆಯದು ಸೂಜಿ ಇಲ್ಲದ 5 ಮಿಲಿ ಲೀಟರ್ ಸಿರಿಂಜು. ಪಿಸ್ಟನ್ ದಂಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರೆ ಅದು ತಡೆ. ಕ್ಲಿಪ್ಪನ್ನು ಸರಿಸಿದಂತೆ ಒಂದು ಒತ್ತಿಗೆ ಹೊರಬರುವ ನೀರು ಹೆಚ್ಚು ಕಡಿಮೆಯಾಗುತ್ತದೆ. ಇದು ಶಟಲ್. ಸಿರಿಂಜಿನ ಮೇಲೆ ಅಳತೆಯ ಗೆರೆ ಇರುವುದರಿಂದ ಮಕ್ಕಳು ತಾವೇ ಪಟ್ಟಿ ಮಾಡಿದರು. ಒತ್ತಡದ ಕಲ್ಪನೆಗೆ ಬೈಕಿನ ಚಕ್ರಕ್ಕೆ ಎಷ್ಟು ಗಾಳಿ ಹಾಕಿಸುತ್ತೀರಿ ಎಂದು ಕೇಳಿದೆ. “ಮೂವತ್ತು” ಎಂದರು. ಈ ಕಾರಿನ ಪೆಟ್ರೋಲ್ ಅದರ ಮೂರು ಪಟ್ಟಿಗೂ ಮೇಲೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಆಮೇಲೆ ಕಪ್ಪು ಹೊಗೆಯ ಕಥೆ ಹೇಳಿ, ಆರು ಪ್ಲಗ್ಗುಗಳ ಫೋಟೋ ತೋರಿಸಿ ನಿಲ್ಲಿಸಿದೆ. ಉತ್ತರ ಹೇಳಲಿಲ್ಲ. ಎರಡು ಪ್ರಶ್ನೆ ಮಾತ್ರ: ಪ್ಲಗ್ ಏನು ಹೇಳುತ್ತಿದೆ? ನಿರ್ವಾತದ ಕೊಳವೆ ಸೀಳಿದರೆ ಕಾರ್ಬ್ಯುರೇಟರಿನಲ್ಲಿ ಏನಾಗುತ್ತದೆ, ಇಲ್ಲಿ ಏನಾಗುತ್ತದೆ? ಗುಂಪುಗಳಿಗೆ ಎಂಟು ನಿಮಿಷ ಎಂದು ಯೋಜನೆಯಲ್ಲಿತ್ತು, ಹದಿನೈದು ಆಯಿತು. ಮೊದಲ ಪ್ರಶ್ನೆಗೆ ಎಲ್ಲ ಗುಂಪೂ ಸರಿಯಾಗಿ ಉತ್ತರಿಸಿತು, ಪಾತ್ರೆಯ ತಳದ ಮಸಿ ನೆನಪಿತ್ತು. ಎರಡನೆಯದರಲ್ಲಿ ಐದರಲ್ಲಿ ನಾಲ್ಕು ಗುಂಪು ನನ್ನ ಹಾಗೆಯೇ ಎಡವಿತು: “ಗಾಳಿ ಜಾಸ್ತಿ ಹೋಗುತ್ತೆ, ಮಿಶ್ರಣ ತೆಳು.” ಐದನೆಯ ಗುಂಪಿನ ಒಬ್ಬಳು ಸಿರಿಂಜಿನ ಕ್ಲಿಪ್ಪನ್ನು ಕಿತ್ತು ತೋರಿಸಿದಳು. “ತಡೆ ಹಿಡಿಯೋದು ನಿರ್ವಾತ ತಾನೆ ಸಾರ್? ಅದೇ ಹೋದ್ರೆ ಪಿಸ್ಟನ್ ಕೊನೇವರೆಗೂ ಓಡುತ್ತೆ.” ನಾನು ಮೂರು ದಿನ ತೆಗೆದುಕೊಂಡಿದ್ದೆ.

ಆಗ ಮೂರನೆಯ ಬೆಂಚಿನ ಹುಡುಗನನ್ನು ಕರೆದು, ಅವನ ಹಳೆಯ ಪ್ರಶ್ನೆಯನ್ನು ಹಲಗೆಯ ಮೇಲೆ ಅವನದೇ ಮಾತಿನಲ್ಲಿ ಬರೆದೆ. ಈ ಸಲ ಉತ್ತರಿಸಿದೆ. ಇಂಧನ ಹೆಚ್ಚಾದರೆ ಮಸಿ ಎಂಬುದು ರಸಾಯನಶಾಸ್ತ್ರ, ಅದು ಯಾವ ಗಾಡಿಗೂ ಬದಲಾಗುವುದಿಲ್ಲ. ನಿಮ್ಮಪ್ಪ ಪ್ಲಗ್ ನೋಡಿ ಹೇಳುವುದು ಬಿಎಸ್-6 ಬೈಕಿನಲ್ಲೂ ನಿಜ. ಸೋರಿಕೆ ಇದ್ದರೆ ತೆಳು ಎಂಬುದು ಕಾರ್ಬ್ಯುರೇಟರಿನ ರಚನೆಯಿಂದ ಬಂದ ನಿಯಮ. ರಚನೆ ಬದಲಾದರೆ ಅದು ತಲೆಕೆಳಗಾಗಬಹುದು, ಅದನ್ನು ಹೊಸದಾಗಿ ಕಲಿಯಬೇಕು. ಸ್ಕ್ರೂ ತಿರುಗಿಸುವ ಕೆಲಸ ಹೋಗಿದೆ, ಅದು ಮರಳಿ ಬರುವುದಿಲ್ಲ. ಈ ಕೊನೆಯ ವಾಕ್ಯ ಹೇಳಬೇಕೇ ಎಂದು ಹಿಂದಿನ ರಾತ್ರಿ ಬಹಳ ಯೋಚಿಸಿದ್ದೆ. ಹೇಳಿದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಗ್ಯಾರೇಜಿನವನ ಮಗನಿಗೆ ಅದು ಹೇಗೂ ಗೊತ್ತಿರುತ್ತದೆ, ಮುಚ್ಚಿಟ್ಟರೆ ಉಳಿದದ್ದನ್ನೂ ಅವನು ನಂಬುವುದಿಲ್ಲ.

ಹುಡುಗ ಸ್ವಲ್ಪ ಹೊತ್ತು ನಿಂತು ಕೇಳಿದ: “ಆ ಹೊಸದನ್ನ ಎಲ್ಲಿ ಕಲೀಬೋದು ಸಾರ್?” ಐಟಿಐ ಕೋರ್ಸುಗಳ ಬಗ್ಗೆ, ಬೈಕಿನ ದೋಷದ ಸಂಕೇತ ಓದುವ ಸ್ಕ್ಯಾನರಿನ ಬಗ್ಗೆ ನನಗೆ ತಿಳಿದಷ್ಟು ಹೇಳಿದೆ. ಗಂಟೆ ಹೊಡೆದ ಮೇಲೂ ಅವನ ಸುತ್ತ ನಾಲ್ಕೈದು ಮಂದಿ ಆ ಕಾರ್ಬ್ಯುರೇಟರನ್ನು ಬಿಚ್ಚಿ, ಫ್ಲೋಟ್ ಯಾವುದು, ಜೆಟ್ ಯಾವುದು ಎಂದು ಅವನಿಂದ ಕೇಳಿಸಿಕೊಳ್ಳುತ್ತಿದ್ದರು.

ಈ ಪಾಠವನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಮಾತು. ಟಿಆರ್6 ಇಲ್ಲಿ ಬೋಧನೋಪಕರಣ ಅಷ್ಟೆ. ಅದರ ಅಂದಚಂದಕ್ಕೆ ಐದು ನಿಮಿಷ ಕೊಟ್ಟರೆ ಪಾಠ ಅಲ್ಲೇ ಉಳಿಯುತ್ತದೆ, ಹುಡುಗರು ಟಾಪ್ ಸ್ಪೀಡ್ ಕೇಳಲು ಶುರುಮಾಡುತ್ತಾರೆ. ಆಕ್ಟೇನಿನ ಲೆಕ್ಕವನ್ನು ಕಥೆಗಿಂತ ಮೊದಲು ಮುಗಿಸಿರಬೇಕು, ಇಲ್ಲದಿದ್ದರೆ ‘ದಪ್ಪ’, ‘ತೆಳು’ ಎಂಬ ಮಾತುಗಳಿಗೆ ಅರ್ಥವೇ ಇರುವುದಿಲ್ಲ. ಸ್ಟ್ರಾ ಪ್ರಯೋಗ ಮೂರರಲ್ಲಿ ಒಂದು ಸಲ ಕೈಕೊಡುತ್ತದೆ, ನೆಟ್ಟಗಿನ ಸ್ಟ್ರಾ ನೀರಿನಿಂದ ಒಂದು ಬೆರಳಗಲಕ್ಕಿಂತ ಮೇಲಿರಬಾರದು.

ಅದೇ ಪ್ರಶಿಕ್ಷಣಾರ್ಥಿಯ ವೀಕ್ಷಣಾ ಪುಸ್ತಕ ಈ ಸಲವೂ ಸಹಿಗೆ ಬಂತು. ‘ಪ್ರಶ್ನೆಗೆ ಉತ್ತರ ದೊರೆಯಿತು. ಅವಧಿ ಹನ್ನೆರಡು ನಿಮಿಷ ಮೀರಿತು. ಮೌಲ್ಯಮಾಪನ ನಡೆಯಲಿಲ್ಲ.’ ಸಹಿ ಮಾಡಿ ಕೊಟ್ಟೆ. ಮುಂದಿನ ಸಾಲಿಗೆ ಇದನ್ನು ಎರಡು ಅವಧಿಗೆ ಒಡೆದು ಯೋಜನೆ ಬರೆಯುವ ಕೆಲಸವನ್ನು ಅವಳಿಗೇ ವಹಿಸಿದ್ದೇನೆ.